ಎಂಬತ್ತು ಲಕ್ಷ ಡಾಲರಿನ ‘ಸ್ವತಂತ್ರ ತನಿಖೆ’: ಕೊಟ್ಟ ಕಾಸಿಗೆ ಮೋಸ ಇಲ್ಲವೇ?

ಸೇವೆ: ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದಲ್ಲಿ ಹಗರಣ ಹೊರಬಿದ್ದಾಗ ಹೊರಗಿನ ಲಾ ಫರ್ಮ್ ನಡೆಸಿಕೊಡುವ ‘ಸ್ವತಂತ್ರ ತನಿಖೆ’. ಸಿಗುವ ಜಾಗ: ಅಮೆರಿಕ. ಮಾರುವವರು ದೊಡ್ಡ ಲಾ ಫರ್ಮ್‌ಗಳು, ಮುಂದೆ ನಿಲ್ಲುವ ಮುಖ ಹೆಚ್ಚಾಗಿ ಒಬ್ಬ ಮಾಜಿ ಪ್ರಾಸಿಕ್ಯೂಟರ್. ಕೊಳ್ಳುವವರು ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಟ್ರಸ್ಟಿಗಳು. ಬೆಲೆ ಹತ್ತಾರು ಲಕ್ಷ ಡಾಲರ್. ಪೆನ್ಸಿಲ್ವೇನಿಯಾದ ಪೆನ್ ಸ್ಟೇಟ್ ವಿಶ್ವವಿದ್ಯಾಲಯ ಕೊಟ್ಟಿದ್ದು 80 ಲಕ್ಷಕ್ಕೂ ಹೆಚ್ಚು, ಓಹಾಯೋ ಸ್ಟೇಟ್ ಸುಮಾರು 62 ಲಕ್ಷ.

ತೀರ್ಪನ್ನು ಮೊದಲೇ ಹೇಳಿಬಿಡೋಣ. ಒಳಗೆ ನಡೆದದ್ದೇನು ಎಂದು ತಿಳಿಯಲು ಕೊಂಡರೆ ಇದು ಒಳ್ಳೆಯ ಸರಕು. ಕೋರ್ಟು, ದಾವೆ, ಪರಿಹಾರದಿಂದ ಪಾರಾಗಲು ಕೊಂಡರೆ ದುಡ್ಡು ದಂಡ. ಒಂದೇ ವರದಿಯಿಂದ ಎರಡೂ ಕೆಲಸ ಮಾಡಿಸಿಕೊಳ್ಳಲು ಹೊರಟವರೇ ಹೆಚ್ಚು, ಕೈ ಸುಟ್ಟುಕೊಂಡವರೂ ಅವರೇ. ಸರಕು ಹೇಗೆ ಬರುತ್ತದೆ ಎಂಬುದು ತನಿಖೆ ಶುರುವಾಗುವ ಮೊದಲೇ, ಲಾ ಫರ್ಮ್ ಜೊತೆ ಸಹಿ ಮಾಡುವ ಎಂಗೇಜ್‌ಮೆಂಟ್ ಲೆಟರ್‌ನಲ್ಲೇ ತೀರ್ಮಾನವಾಗಿರುತ್ತದೆ.

ಅಲ್ಲಿಯ ಕಾಲೇಜು ಫುಟ್‌ಬಾಲ್ ನಮ್ಮ ಅಂತರ ಕಾಲೇಜು ಪಂದ್ಯದ ಲೆಕ್ಕದ್ದಲ್ಲ. ಪೆನ್ ಸ್ಟೇಟ್‌ನ ಬೀವರ್ ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. ಹಗರಣ ಬಂತೆಂದರೆ ಒಮ್ಮೆಗೇ ಆರು ಕಡೆಯಿಂದ ನೋಟಿಸು ಬರುತ್ತದೆ. ಕ್ರಿಮಿನಲ್ ಕೇಸು ರಾಜ್ಯದ ಅಟಾರ್ನಿ ಜನರಲ್ ಕೈಯಲ್ಲಿ. ಲಿಂಗ ತಾರತಮ್ಯ ನಿಷೇಧಿಸುವ 1972ರ ಟೈಟಲ್ ನೈನ್ ಕಾಯ್ದೆ ಮತ್ತು ಕ್ಯಾಂಪಸ್ ಅಪರಾಧಗಳ ಲೆಕ್ಕ ಬಹಿರಂಗಪಡಿಸಬೇಕೆನ್ನುವ 1990ರ ಕ್ಲೆರಿ ಕಾಯ್ದೆ ಫೆಡರಲ್ ಶಿಕ್ಷಣ ಇಲಾಖೆಯ ಕೈಯಲ್ಲಿ. ಆಟದ ನಿಯಮ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಘವಾದ ಎನ್‌ಸಿಎಎ ಕೈಯಲ್ಲಿ, ಪದವಿಯ ಮಾನ್ಯತೆ ಅಕ್ರೆಡಿಟೇಶನ್ ಸಂಸ್ಥೆಯ ಕೈಯಲ್ಲಿ. ಇವುಗಳ ಮೇಲೆ ಸಂತ್ರಸ್ತರ ಸಿವಿಲ್ ದಾವೆ, ವಿಮಾ ಕಂಪನಿಯ ತಕರಾರು. ಒಬ್ಬೊಬ್ಬರು ಕೇಳುವ ಪ್ರಶ್ನೆಯೂ ಬೇರೆ, ಒಪ್ಪುವ ಸಾಕ್ಷ್ಯದ ಮಟ್ಟವೂ ಬೇರೆ. ತನಿಖಾ ವರದಿ ಮಾತ್ರ ಒಂದೇ, ಅದನ್ನು ಆರೂ ಜನ ಓದುತ್ತಾರೆ.

ಪೆನ್ ಸ್ಟೇಟ್: ಮಾದರಿ ಸರಕು, ಅದರ ದೋಷಗಳ ಸಮೇತ

ಮಾಜಿ ಸಹಾಯಕ ಕೋಚ್ ಜೆರ್ರಿ ಸ್ಯಾಂಡಸ್ಕಿ ಮೇಲೆ ಮಕ್ಕಳ ಲೈಂಗಿಕ ದೌರ್ಜನ್ಯದ ಆರೋಪಪಟ್ಟಿ ಬಂದದ್ದು 2011ರ ನವೆಂಬರ್ ಮೊದಲ ವಾರ. ನವೆಂಬರ್ 9ರ ರಾತ್ರಿ ಟ್ರಸ್ಟಿಗಳು ಅಧ್ಯಕ್ಷ ಗ್ರಹಾಂ ಸ್ಪ್ಯಾನಿಯರ್ ಅವರನ್ನು ಇಳಿಸಿದರು. 46 ವರ್ಷ ಮುಖ್ಯ ಕೋಚ್ ಆಗಿದ್ದ ಜೋ ಪಟರ್ನೊ ಮನೆಗೆ ಫೋನ್ ನಂಬರ್ ಬರೆದ ಚೀಟಿ ಕಳಿಸಿ, ಫೋನಿನಲ್ಲೇ ಕೆಲಸದಿಂದ ತೆಗೆದರು. ವಿದ್ಯಾರ್ಥಿಗಳು ಬೀದಿಗಿಳಿದು ಟಿವಿ ವಾಹನವೊಂದನ್ನು ಮಗುಚಿಹಾಕಿದರು. ತೆಗೆದದ್ದು ಸರಿಯೋ ತಪ್ಪೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ತೆಗೆದ ರೀತಿಯನ್ನು ಮಾತ್ರ ಆ ಟ್ರಸ್ಟಿಗಳಲ್ಲೇ ಕೆಲವರು ಆಮೇಲೆ ಸಮರ್ಥಿಸಲಿಲ್ಲ.

ಎರಡು ವಾರದೊಳಗೆ ಎಫ್‌ಬಿಐ ಮಾಜಿ ನಿರ್ದೇಶಕ ಲೂಯಿಸ್ ಫ್ರೀ ಅವರ ಸಂಸ್ಥೆಗೆ ತನಿಖೆ ವಹಿಸಲಾಯಿತು. 2012ರ ಜುಲೈ 12ಕ್ಕೆ 267 ಪುಟದ ವರದಿ ಬಂತು: 430ಕ್ಕೂ ಹೆಚ್ಚು ಸಂದರ್ಶನ, ಸುಮಾರು 35 ಲಕ್ಷ ಇಮೇಲ್ ಮತ್ತು ದಾಖಲೆಗಳ ಶೋಧ. ಟ್ರಸ್ಟಿಗಳಿಗೆ ಮುಂಗಡ ಪ್ರತಿ ಕೊಡದೆ, ಜನರಿಗೆ ಸಿಕ್ಕಾಗಲೇ ಅವರಿಗೂ ಸಿಗುವಂತೆ ಮಾಡಿದ್ದು ಈ ಸೇವೆಯ ದೊಡ್ಡ ಗುಣ. ಸ್ಯಾಂಡಸ್ಕಿ ಮೇಲಿನ ದೂರುಗಳ ಬಗೆಗಿನ 1998 ಮತ್ತು 2001ರ ಹಳೆಯ ಇಮೇಲ್‌ಗಳನ್ನು ಅಗೆದು ತೆಗೆದದ್ದು ಇನ್ನೂ ದೊಡ್ಡದು. ಮೇಲಿನವರಿಗೆ ವಿಷಯ ಗೊತ್ತಿತ್ತು ಎಂಬ ವಾದಕ್ಕೆ ಬೆನ್ನೆಲುಬಾದದ್ದು ಆ ಇಮೇಲ್‌ಗಳೇ.

ದೋಷ ಎಲ್ಲಿ? ಖಾಸಗಿ ಲಾ ಫರ್ಮ್‌ಗೆ ಸಮನ್ಸ್ ಕಳಿಸುವ ಅಧಿಕಾರವಿಲ್ಲ. ಕ್ರೀಡಾ ನಿರ್ದೇಶಕ ಟಿಮ್ ಕರ್ಲಿ, ಉಪಾಧ್ಯಕ್ಷ ಗ್ಯಾರಿ ಶುಲ್ಜ್ ತಮ್ಮ ವಕೀಲರ ಸಲಹೆಯಂತೆ ಮಾತನಾಡಲಿಲ್ಲ. ಪಟರ್ನೊ ಜನವರಿಯಲ್ಲೇ ತೀರಿಕೊಂಡಿದ್ದರು. ಮುಖ್ಯ ಸಾಕ್ಷಿಯಾಗಿದ್ದ ಸಹಾಯಕ ಕೋಚ್ ಮೈಕ್ ಮೆಕ್ವೆರಿ ಅವರನ್ನು ಮಾತನಾಡಿಸಬೇಡಿ ಎಂದು ಪ್ರಾಸಿಕ್ಯೂಶನ್ ಕೇಳಿಕೊಂಡಿತ್ತು. ನಾನೂರು ಜನರನ್ನು ಮಾತನಾಡಿಸಿದ ವರದಿಯಲ್ಲಿ ನಡುವೆ ಇರಬೇಕಾದವರದೇ ದನಿಯಿಲ್ಲ. ಹಾಗಿದ್ದೂ ವರದಿಯ ತೀರ್ಮಾನದ ಭಾಷೆ ನ್ಯಾಯಾಧೀಶರ ತೀರ್ಪಿನಷ್ಟು ಖಚಿತ. ಇಮೇಲ್ ಹೇಳಿದ್ದೆಷ್ಟು, ಇಮೇಲ್‌ನಿಂದ ತನಿಖೆಗಾರರು ಊಹಿಸಿದ್ದೆಷ್ಟು ಎಂಬ ಗೆರೆ ಅಲ್ಲಿ ತೆಳುವಾಗಿದೆ.

ಆ ಸಡಿಲಕ್ಕೆ ತೆತ್ತ ಬೆಲೆ ದುಬಾರಿ. ವರದಿ ಬಂದ ಹನ್ನೊಂದನೇ ದಿನಕ್ಕೆ, ಸ್ವಂತ ತನಿಖೆಯನ್ನೇ ಮಾಡದೆ, ಎನ್‌ಸಿಎಎ ಅದನ್ನೇ ಆಧಾರವಾಗಿಟ್ಟುಕೊಂಡು ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿತು: 6 ಕೋಟಿ ಡಾಲರ್ ದಂಡ, ನಾಲ್ಕು ವರ್ಷ ಋತುವಿನ ಕೊನೆಯ ಪೋಸ್ಟ್ ಸೀಸನ್ ಪಂದ್ಯಗಳಿಂದ ನಿಷೇಧ, ಸ್ಕಾಲರ್‌ಶಿಪ್ ಕಡಿತ, 112 ಗೆಲುವುಗಳು ರದ್ದು. ಆಮೇಲೆ ರಾಜ್ಯದ ಸೆನೆಟರ್ ಹೂಡಿದ ದಾವೆಯಲ್ಲಿ ಎನ್‌ಸಿಎಎ ಅಧಿಕಾರಿಗಳ ಒಳಗಿನ ಇಮೇಲ್‌ಗಳು ಹೊರಬಂದವು. ಇಷ್ಟೆಲ್ಲ ಶಿಕ್ಷೆ ಕೊಡುವ ಅಧಿಕಾರ ತಮಗಿದೆಯೇ ಎಂದು ಅವರಿಗೇ ಅನುಮಾನವಿತ್ತು. 2015ರ ಜನವರಿಯಲ್ಲಿ 112 ಗೆಲುವೂ ವಾಪಸ್ ಬಂದವು. 6 ಕೋಟಿ ಪೆನ್ಸಿಲ್ವೇನಿಯಾದಲ್ಲೇ ಖರ್ಚಾಗಬೇಕೆಂದು ರಾಜಿಯಾಯಿತು. ವರದಿ ಕೊಂಡವರು ಅದನ್ನು ಒಮ್ಮೆ ಪ್ರಶ್ನಿಸಿಯೂ ನೋಡದೆ ಮೂರನೆಯವರ ಕೈಗೆ ಆಯುಧವಾಗಿ ಕೊಟ್ಟಿದ್ದರು.

ದಾವೆಗಳು ಇದರಿಂದ ಒಂದಿಷ್ಟೂ ಕಡಿಮೆಯಾಗಲಿಲ್ಲ. ಸಂತ್ರಸ್ತರಿಗೆ ಕೊಟ್ಟ ಪರಿಹಾರ 10 ಕೋಟಿ ಡಾಲರ್ ದಾಟಿತು. ತನಗೆ ಕಿರುಕುಳ ಕೊಟ್ಟು ಕೆಲಸ ತಪ್ಪಿಸಿದರೆಂದು ಮೆಕ್ವೆರಿ ಹೂಡಿದ ದಾವೆಯಲ್ಲಿ 2016ರಲ್ಲಿ ಜ್ಯೂರಿ 73 ಲಕ್ಷ ಕೊಡಿಸಿತು, ನ್ಯಾಯಾಧೀಶರು ಅದರ ಮೇಲೆ ಸುಮಾರು 50 ಲಕ್ಷ ಸೇರಿಸಿದರು. ಅದೇ ವರ್ಷ ಕ್ಲೆರಿ ಕಾಯ್ದೆಯಡಿ 24 ಲಕ್ಷದ ದಂಡ ಬಿತ್ತು, ಅಲ್ಲಿಯವರೆಗೆ ಅದೇ ಅತಿ ಹೆಚ್ಚು. ವಿಮಾ ಕಂಪನಿ ‘ನಾವು ಕೊಡುವುದಿಲ್ಲ’ ಎಂದು ಕೋರ್ಟಿಗೆ ಹೋದಾಗ, ಆ ಕೇಸಿನ ಆದೇಶದಲ್ಲಿ 1976ರಲ್ಲೇ ಒಬ್ಬ ಹುಡುಗ ಪಟರ್ನೊಗೆ ದೂರು ಹೇಳಿದ್ದನೆಂಬ ಆರೋಪ ಉಲ್ಲೇಖವಾಯಿತು. ಪಟರ್ನೊ ಕುಟುಂಬ ಅದನ್ನು ನಿರಾಕರಿಸಿತು. 80 ಲಕ್ಷದ ತನಿಖೆಯಲ್ಲಿ ಬಾರದ ಸುದ್ದಿ ವಿಮೆಯ ಜಗಳದಲ್ಲಿ ಬಂತು ನೋಡಿ.

ವಕೀಲರು ಯಾರ ಕಡೆಯವರು?

ಈ ಸೇವೆ ಕೆಡುವುದಕ್ಕೆ ಮೊದಲ ಕಾರಣ ಈ ಪ್ರಶ್ನೆ ಯಾರೂ ಕೇಳದಿರುವುದು. ಪೆನ್ ಸ್ಟೇಟ್‌ನ ಸ್ವಂತ ವಕೀಲೆ ಸಿಂಥಿಯಾ ಬಾಲ್ಡ್ವಿನ್ 2011ರಲ್ಲಿ ಕರ್ಲಿ, ಶುಲ್ಜ್, ಸ್ಪ್ಯಾನಿಯರ್ ಮೂವರ ಜೊತೆ, ಆರೋಪ ಹೊರಿಸಬೇಕೇ ಎಂದು ನೋಡುವ ಗ್ರ್ಯಾಂಡ್ ಜ್ಯೂರಿ ಮುಂದೆ ಹೋಗಿ ಕೂತರು. ಇವರು ನಮ್ಮ ವಕೀಲರು ಎಂದೇ ಮೂವರೂ ನಂಬಿದ್ದರು. ಮುಂದೆ ಅದೇ ಬಾಲ್ಡ್ವಿನ್ ಆ ಮೂವರ ವಿರುದ್ಧವೇ ಸಾಕ್ಷಿ ಹೇಳಿದರು. 2016ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ವಕೀಲ-ಕಕ್ಷಿದಾರ ಗೋಪ್ಯತೆ ಮುರಿದಿದೆ ಎಂದು ಹೇಳಿ ಮೂವರ ಮೇಲಿನ ದೊಡ್ಡ ಆರೋಪಗಳಲ್ಲಿ ಹಲವನ್ನು ತೆಗೆದುಹಾಕಿತು. 2020ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಬಾಲ್ಡ್ವಿನ್‌ಗೆ ಬಹಿರಂಗ ಛೀಮಾರಿ ಹಾಕಿತು. ಉಳಿದ ಸಣ್ಣ ಆರೋಪದಲ್ಲಿ ಸ್ಪ್ಯಾನಿಯರ್ ಕೊನೆಗೆ 2021ರಲ್ಲಿ ಎರಡು ತಿಂಗಳು ಜೈಲಿನಲ್ಲಿದ್ದರು.

ಇದಕ್ಕೆ ಮದ್ದು ಇದೆ, ಖರ್ಚೂ ಇಲ್ಲ. 1981ರ ಅಪ್‌ಜಾನ್ ತೀರ್ಪಿನಿಂದ ಬಂದ ಎಚ್ಚರಿಕೆಯ ಮಾತು ಅದು: ‘ನಾನು ಸಂಸ್ಥೆಯ ವಕೀಲ, ನಿಮ್ಮ ವಕೀಲನಲ್ಲ. ಈ ಮಾತುಕತೆಯ ಗೋಪ್ಯತೆ ಸಂಸ್ಥೆಗೆ ಸೇರಿದ್ದು, ಅದು ಬೇಕಾದಾಗ ಬಿಟ್ಟುಕೊಡಬಹುದು. ನಿಮಗೆ ಬೇರೆ ವಕೀಲರು ಬೇಕಿದ್ದರೆ ಇಟ್ಟುಕೊಳ್ಳಿ.’ ಪ್ರತಿ ಸಂದರ್ಶನದ ಮೊದಲ ನಿಮಿಷದಲ್ಲಿ ಇದನ್ನು ಹೇಳಬೇಕು, ಹೇಳಿದ್ದನ್ನು ಟಿಪ್ಪಣಿಯಲ್ಲಿ ದಾಖಲಿಸಬೇಕು. ಒಂದೇ ಫರ್ಮ್ ಸಂಸ್ಥೆಯನ್ನೂ ಅಧಿಕಾರಿಗಳನ್ನೂ ಪ್ರತಿನಿಧಿಸುವಂತೆ ಬಿಡಲೇಬಾರದು.

ಮಿಶಿಗನ್ ಸ್ಟೇಟ್ ಇದೇ ಹಳ್ಳಕ್ಕೆ ಇನ್ನೊಂದು ಕಡೆಯಿಂದ ಬಿತ್ತು. ಕ್ರೀಡಾ ವೈದ್ಯ ಲ್ಯಾರಿ ನಾಸರ್ ಮೇಲೆ 2014ರಲ್ಲಿ ಬಂದ ದೂರಿನ ಒಳಗಿನ ತನಿಖೆಗೆ ನಾಲ್ವರು ತಜ್ಞರನ್ನು ಕೇಳಿದರು, ನಾಲ್ವರೂ ಅದೇ ವಿಶ್ವವಿದ್ಯಾಲಯದ ನಂಟಿನವರು. ವರದಿಯ ತೀರ್ಮಾನ ಎರಡು ರೂಪದಲ್ಲಿತ್ತು: ಆಡಳಿತಕ್ಕೆ ಹೋದ ಪ್ರತಿಯಲ್ಲಿ ಈ ಚಿಕಿತ್ಸಾ ಕ್ರಮದಿಂದ ನಮಗೆ ಕಾನೂನಿನ ತೊಂದರೆ ಬರಬಹುದು ಎಂಬ ಎಚ್ಚರಿಕೆ, ದೂರು ಕೊಟ್ಟವರ ಪ್ರತಿಯಲ್ಲಿ ಅದಿಲ್ಲ. ಹಗರಣ ಸಿಡಿದ ಮೇಲೆ ಹೆಸರಾಂತ ಮಾಜಿ ಫೆಡರಲ್ ಪ್ರಾಸಿಕ್ಯೂಟರ್ ಪ್ಯಾಟ್ರಿಕ್ ಫಿಟ್ಜ್‌ಜೆರಾಲ್ಡ್ ಅವರನ್ನು ನೇಮಿಸಿದರು. ತನಿಖೆ ನಡೆಯುತ್ತಿದೆ ಎಂದು ಜನ ತಿಳಿದರು. ಅಟಾರ್ನಿ ಜನರಲ್ ವರದಿ ಕೇಳಿದಾಗ 2017ರ ಡಿಸೆಂಬರ್‌ನಲ್ಲಿ ಬಂದ ಉತ್ತರ, ಅಂಥ ತನಿಖಾ ವರದಿಯೇ ಇಲ್ಲ ಎಂದು. ಅವರಿದ್ದದ್ದು ಸಂಸ್ಥೆಯ ರಕ್ಷಣೆಗೆ. 2018ರ ಮೇನಲ್ಲಿ 50 ಕೋಟಿ ಡಾಲರ್‌ಗೆ ರಾಜಿಯಾಯಿತು, 2019ರಲ್ಲಿ ಕ್ಲೆರಿ ದಂಡ 45 ಲಕ್ಷ. ಗೋಪ್ಯತೆಯ ಹೆಸರಲ್ಲಿ ಬಿಗಿಹಿಡಿದ ಸುಮಾರು ಆರು ಸಾವಿರ ದಾಖಲೆಗಳನ್ನು ಒಪ್ಪಿಸಲು ಮಂಡಳಿ ಒಪ್ಪಿದ್ದು 2023ರ ಡಿಸೆಂಬರ್‌ನಲ್ಲಿ. ಓದಿ ನೋಡಿದ ಅಟಾರ್ನಿ ಜನರಲ್‌ಗೆ 2024ರಲ್ಲಿ ಅವುಗಳಲ್ಲಿ ಹೊಸದೇನೂ ಹೆಚ್ಚು ಸಿಗಲಿಲ್ಲ. ಏನೂ ಇಲ್ಲದ ಕಡತವನ್ನು ವರ್ಷಗಟ್ಟಲೆ ಬಚ್ಚಿಟ್ಟು ಎಲ್ಲ ಇದೆ ಎಂಬ ಅನುಮಾನ ಬೆಳೆಸಿದಂತಾಯಿತು.

ಬಾಯಿಮಾತಿನ ವರದಿ

ಬೇಲರ್ ವಿಶ್ವವಿದ್ಯಾಲಯ ಪೆಪ್ಪರ್ ಹ್ಯಾಮಿಲ್ಟನ್ ಫರ್ಮ್‌ನಿಂದ ಕೊಂಡದ್ದು ವಿಚಿತ್ರ ಮಾದರಿ. ಫುಟ್‌ಬಾಲ್ ಆಟಗಾರರ ಮೇಲಿನ ಅತ್ಯಾಚಾರದ ದೂರುಗಳನ್ನು ನಿಭಾಯಿಸಿದ ರೀತಿಯ ತನಿಖೆ ಅದು. ಪೂರ್ತಿ ವರದಿಯನ್ನು ಬರೆಯಲೇ ಇಲ್ಲ, ಆಡಳಿತ ಮಂಡಳಿಯ ಸದಸ್ಯರಾದ ರೀಜೆಂಟ್‌ಗಳ ಮುಂದೆ ಬಾಯಲ್ಲಿ ಹೇಳಿದರು. 2016ರ ಮೇ 26ರಂದು ಜನರ ಮುಂದೆ ಇಟ್ಟದ್ದು 13 ಪುಟದ ಸಾರಾಂಶ ಮತ್ತು 105 ಶಿಫಾರಸು. ಅಧ್ಯಕ್ಷ ಕೆನ್ ಸ್ಟಾರ್ ಹುದ್ದೆ ಹೋಯಿತು, ಕೋಚ್ ಆರ್ಟ್ ಬ್ರೈಲ್ಸ್ ಹೋದರು, ಆದರೆ ಯಾರು ಏನು ಮಾಡಿದರು ಎಂಬುದು 13 ಪುಟದಲ್ಲಿ ಎಲ್ಲೂ ಇಲ್ಲ.

ಬರೆಯದಿದ್ದರೆ ಎದುರಾಳಿ ವಕೀಲರ ಕೈಗೆ ಸಿಗುವುದಿಲ್ಲ ಎಂಬ ಲೆಕ್ಕ ಇಂಥ ವ್ಯವಸ್ಥೆಯ ಹಿಂದಿರುತ್ತದೆ. ಅದೂ ನಡೆಯಲಿಲ್ಲ. ವಿದ್ಯಾರ್ಥಿನಿಯರು ಹೂಡಿದ ದಾವೆಯಲ್ಲಿ ಫೆಡರಲ್ ನ್ಯಾಯಾಧೀಶ ರಾಬರ್ಟ್ ಪಿಟ್ಮನ್ 2017ರ ಆಗಸ್ಟ್‌ನಲ್ಲಿ ಹೇಳಿದ್ದು ಸರಳ: ಸಾರಾಂಶ ಪ್ರಕಟಿಸಿ ತನಿಖೆಯಲ್ಲಿ ಕಂಡದ್ದನ್ನು ನೀವೇ ಹೊರಗೆ ಹೇಳಿದ್ದೀರಿ, ಹಾಗಾಗಿ ಆ ತನಿಖೆಯ ಮೇಲಿನ ವಕೀಲ-ಕಕ್ಷಿದಾರ ಗೋಪ್ಯತೆಯನ್ನು ಬಿಟ್ಟುಕೊಟ್ಟಂತೆ. ದಾವೆಗೆ ಸಿದ್ಧತೆಯಾಗಿ ವಕೀಲರು ಮಾಡಿಕೊಂಡ ಕೆಲಸದ ಕಾಗದಗಳಿಗೆ ಮಾತ್ರ ಒಂದಿಷ್ಟು ರಕ್ಷಣೆ ಉಳಿಯಿತು. ಆ ದಾವೆ ರಾಜಿಯಾದದ್ದು 2023ರಲ್ಲಿ. ಅರ್ಧ ಹೇಳಿ ಅರ್ಧ ಮುಚ್ಚಿಟ್ಟದ್ದರಿಂದ ಗೋಪ್ಯತೆಯೂ ಹೋಯಿತು, ಜನರ ನಂಬಿಕೆಯೂ ಸಿಗಲಿಲ್ಲ. ನಮ್ಮ ಪಟ್ಟಿಯಲ್ಲಿ ಇದಕ್ಕೇ ಕೊನೆಯ ಸ್ಥಾನ.

2021ರಲ್ಲಿ ಎನ್‌ಸಿಎಎ ಬೇಲರ್‌ಗೆ ಹಾಕಿದ ದಂಡ 5,000 ಡಾಲರ್, ಜೊತೆಗೆ ನಾಲ್ಕು ವರ್ಷದ ಪ್ರೊಬೇಶನ್. ದೂರು ವರದಿ ಮಾಡದಿರುವ ರೋಗ ಇಡೀ ಕ್ಯಾಂಪಸ್ಸಿಗೇ ಇತ್ತು, ಆಟಗಾರರಿಗೆಂದು ವಿಶೇಷ ಸವಲತ್ತಾಗಿರಲಿಲ್ಲ ಎಂಬುದು ಕಾರಣ. ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯವೂ ಇದೇ ಸಂದಿಯಲ್ಲಿ ನುಸುಳಿತು. ಕ್ಲಾಸೇ ನಡೆಯದ, ಒಂದು ಪ್ರಬಂಧ ಕೊಟ್ಟರೆ ಒಳ್ಳೆಯ ಗ್ರೇಡ್ ಸಿಗುವ ಕೋರ್ಸುಗಳು ಅಲ್ಲಿ 18 ವರ್ಷ ನಡೆದವು. ಕೆನೆತ್ ವೈನ್‌ಸ್ಟೈನ್ ಅವರ 2014ರ ವರದಿಯ ಪ್ರಕಾರ ಪ್ರಯೋಜನ ಪಡೆದವರು 3,100ಕ್ಕೂ ಹೆಚ್ಚು, ಅವರಲ್ಲಿ ಅರ್ಧದ ಹತ್ತಿರ ಕ್ರೀಡಾಪಟುಗಳು. ಇತರರೂ ಸೇರಿದ್ದರಲ್ಲ, ಹಾಗಾಗಿ ಎನ್‌ಸಿಎಎ 2017ರಲ್ಲಿ ಉಲ್ಲಂಘನೆ ಎನ್ನಲಾಗದು ಎಂದಿತು. ಮಾನ್ಯತೆ ಕೊಡುವ ಸಂಸ್ಥೆಗೆ ‘ಇದು ಶೈಕ್ಷಣಿಕ ವಂಚನೆ’ ಎಂದು ಬರೆದುಕೊಟ್ಟಿದ್ದ ವಿಶ್ವವಿದ್ಯಾಲಯ ಎನ್‌ಸಿಎಎ ವಿಚಾರಣೆಯಲ್ಲಿ ಆ ಪದ ಟೈಪಿಂಗ್ ತಪ್ಪು ಎಂದು ವಾದಿಸಿತು! ಕಾನೂನಿನಲ್ಲಿ ಗೆಲುವು; ಮಾನದ ಲೆಕ್ಕದಲ್ಲಿ ಆ ಒಂದು ಮಾತೇ ಸಾಕು. ಒಬ್ಬರಿಗೆ ಬರೆದದ್ದನ್ನು ಇನ್ನೊಬ್ಬರು ಓದುತ್ತಾರೆ ಎಂದುಕೊಂಡೇ ಪ್ರತಿ ಪತ್ರ ಬರೆಯಬೇಕು. ಎಲ್ಲ ನಿಯಂತ್ರಕರಿಗೆ ಹೋಗುವ ಉತ್ತರಗಳನ್ನು ಒಬ್ಬರೇ ವಕೀಲರು ಓದಿ ಕಳಿಸುವ ಏರ್ಪಾಟು ಇಲ್ಲದಿದ್ದರೆ ಹೀಗೇ ಆಗುತ್ತದೆ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು

ನಾರ್ತ್‌ವೆಸ್ಟರ್ನ್ 2023ರ ಜುಲೈ 7ರಂದು ಫುಟ್‌ಬಾಲ್ ತಂಡದ ರ‍್ಯಾಗಿಂಗ್ ತನಿಖೆಯ ಚಿಕ್ಕ ಸಾರಾಂಶ ಹೊರಬಿಟ್ಟಿತು. ರ‍್ಯಾಗಿಂಗ್ ನಡೆದದ್ದು ನಿಜ, ಆದರೆ ಕೋಚ್‌ಗಳಿಗೆ ಗೊತ್ತಿತ್ತು ಎನ್ನಲು ಸಾಕಷ್ಟು ಪುರಾವೆ ಇಲ್ಲ. ಮುಖ್ಯ ಕೋಚ್ ಪ್ಯಾಟ್ ಫಿಟ್ಜ್‌ಜೆರಾಲ್ಡ್‌ಗೆ ಎರಡು ವಾರ ಸಂಬಳವಿಲ್ಲದ ಅಮಾನತು. (ಮೇಲಿನ ವಕೀಲರಿಗೂ ಇವರಿಗೂ ಹೆಸರೊಂದೇ, ನಂಟಿಲ್ಲ.) ಮರುದಿನವೇ ವಿದ್ಯಾರ್ಥಿ ಪತ್ರಿಕೆ ದಿ ಡೈಲಿ ನಾರ್ತ್‌ವೆಸ್ಟರ್ನ್ ಸಾರಾಂಶದಲ್ಲಿಲ್ಲದ ವಿವರಗಳನ್ನು ಆಟಗಾರನ ಮಾತಿನಲ್ಲಿ ಪ್ರಕಟಿಸಿತು. ಜುಲೈ 10ಕ್ಕೆ ಕೋಚ್ ವಜಾ. ಒಂದೇ ತಪ್ಪಿಗೆ ಎರಡು ಶಿಕ್ಷೆ, ಎರಡು ವಾರಕ್ಕೆ ಮುಗಿಯುತ್ತದೆಂದು ಮಾತು ಕೊಟ್ಟಿದ್ದರು ಎಂದು ಅವರು 13 ಕೋಟಿ ಡಾಲರ್ ಕೇಳಿ ದಾವೆ ಹೂಡಿದರು. 2025ರ ಆಗಸ್ಟ್‌ನಲ್ಲಿ ರಾಜಿಯಾಯಿತು. ಆಟಗಾರರು ಹೂಡಿದ ದಾವೆಗಳು ಬೇರೆ. ಪೂರ್ತಿ ವರದಿ ಕೈಯಲ್ಲಿದ್ದ ಆಡಳಿತಕ್ಕೆ ಅದರಲ್ಲಿ ಏನಿದೆ ಎಂಬುದು ವಿದ್ಯಾರ್ಥಿ ವರದಿಗಾರರಿಂದ ಹೊಸದಾಗಿ ಗೊತ್ತಾಗಬೇಕಿರಲಿಲ್ಲ. ಶಿಕ್ಷೆಯನ್ನು ನಿರ್ಧರಿಸುವಾಗ, ನಾಳೆ ಇಡೀ ವಿವರ ಪತ್ರಿಕೆಯಲ್ಲಿ ಬಂದರೂ ಈ ಶಿಕ್ಷೆಯನ್ನು ಸಮರ್ಥಿಸಬಲ್ಲೆವೇ ಎಂದು ಕೇಳಿಕೊಳ್ಳಬೇಕು. ಮೇರಿಲ್ಯಾಂಡ್‌ನಲ್ಲೂ 2018ರಲ್ಲಿ ಹೀಗೇ ಆಗಿತ್ತು: ಅಭ್ಯಾಸದ ವೇಳೆ ಬಿಸಿಲಾಘಾತಕ್ಕೆ ಸಿಕ್ಕ ಆಟಗಾರ ತೀರಿಕೊಂಡ ಮೇಲೆ ರೀಜೆಂಟ್‌ಗಳು ಕೋಚ್ ಮುಂದುವರಿಯಲಿ ಎಂದರು, ಮರುದಿನ ಅಧ್ಯಕ್ಷರು ಅವರನ್ನು ತೆಗೆದರು.

ಇದ್ದುದರಲ್ಲಿ ಚೆನ್ನಾಗಿರುವುದು

ಓಹಾಯೋ ಸ್ಟೇಟ್‌ಗೆ ಪರ್ಕಿನ್ಸ್ ಕೋಯಿ ಫರ್ಮ್ 2019ರ ಮೇನಲ್ಲಿ ಕೊಟ್ಟ 182 ಪುಟದ ವರದಿ. ಕ್ರೀಡಾ ವೈದ್ಯ ರಿಚರ್ಡ್ ಸ್ಟ್ರಾಸ್ ಎರಡು ದಶಕದಲ್ಲಿ ಕನಿಷ್ಠ 177 ವಿದ್ಯಾರ್ಥಿಗಳ ಮೇಲೆ ದೌರ್ಜನ್ಯ ಮಾಡಿದ್ದನೆಂದೂ, ಸಿಬ್ಬಂದಿಗೆ 1979ರಷ್ಟು ಹಿಂದೆಯೇ ದೂರು ಹೋಗಿತ್ತೆಂದೂ ಹೆಸರು, ಇಸವಿ ಸಮೇತ ಬರೆದಿದ್ದಾರೆ. 500ಕ್ಕೂ ಹೆಚ್ಚು ಸಂದರ್ಶನ. ಮಾತಿನ ಮೂಲ ಎಲ್ಲಿಂದ, ಅದನ್ನು ಇನ್ನೊಂದು ದಾಖಲೆ ಸಮರ್ಥಿಸುತ್ತದೆಯೇ ಎಂಬುದನ್ನು ಅಡಿಟಿಪ್ಪಣಿಯಲ್ಲಿ ಬಿಡಿಸಿಟ್ಟ ರೀತಿ ಫ್ರೀ ವರದಿಗಿಂತ ಶಿಸ್ತಿನದು. ತನಿಖೆಗೆ ಐದಕ್ಕೆ ನಾಲ್ಕು ಅಂಕ. ಆದರೆ ವಿಶ್ವವಿದ್ಯಾಲಯ ಇದೇ ವರದಿಗೆ ತಲೆಬಾಗಿ ಕ್ಷಮೆ ಕೇಳುತ್ತಲೇ ಕೋರ್ಟಿನಲ್ಲಿ ‘ಕಾಲಮಿತಿ ಮೀರಿದೆ, ದಾವೆ ವಜಾ ಮಾಡಿ’ ಎಂದು ವಾದಿಸಿತು. 2022ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ದಾವೆಗಳಿಗೆ ಮತ್ತೆ ಜೀವ ಕೊಟ್ಟಿತು, 2023ರಲ್ಲಿ ಸುಪ್ರೀಂ ಕೋರ್ಟ್ ಮಧ್ಯೆ ಬರಲು ಒಪ್ಪಲಿಲ್ಲ. ನಡೆದದ್ದನ್ನು ಒಪ್ಪಿದ ಮೇಲೆ ಕಾಲಮಿತಿಯ ಹಿಂದೆ ನಿಂತರೆ ಕ್ಷಮೆಯ ಮಾತಿಗೆ ಬೆಲೆ ಬರುವುದಿಲ್ಲ. ಪಕ್ಕದ ರಾಜ್ಯದ ಮಿಶಿಗನ್ ವಿಶ್ವವಿದ್ಯಾಲಯ (ಮೇಲಿನ ಮಿಶಿಗನ್ ಸ್ಟೇಟ್ ಬೇರೆ) ವೈದ್ಯ ರಾಬರ್ಟ್ ಆಂಡರ್ಸನ್ ಪ್ರಕರಣದಲ್ಲಿ 2021ರ ಮೇನಲ್ಲಿ ವರದಿ ತಂದು 2022ರ ಜನವರಿಗೆ ಸುಮಾರು ಸಾವಿರ ಜನರೊಂದಿಗೆ 49 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು.

ಕೊಳ್ಳುವವರು ನೋಡಬೇಕಾದ್ದು

ಎಂಗೇಜ್‌ಮೆಂಟ್ ಲೆಟರ್‌ನಲ್ಲಿ ಕಕ್ಷಿದಾರ ಎಂದು ಮಂಡಳಿಯ ವಿಶೇಷ ಸಮಿತಿಯ ಹೆಸರಿರಲಿ, ಅಧ್ಯಕ್ಷರ ಅಥವಾ ಒಳಗಿನ ಕಾನೂನು ಕಚೇರಿಯ ಹೆಸರು ಬೇಡ. ಘಟನೆಯ ಕಾಲದಲ್ಲಿ ಹುದ್ದೆಯಲ್ಲಿದ್ದ ಟ್ರಸ್ಟಿಗಳು ಆ ಸಮಿತಿಯಲ್ಲಿರಬಾರದು. ತನಿಖೆಯ ವ್ಯಾಪ್ತಿಗೆ ಇಸವಿ ಮತ್ತು ಕಚೇರಿಗಳನ್ನು ಹೆಸರಿಸಿ. ‘ಮಂಡಳಿಯೂ ಸೇರಿ’ ಎಂಬ ಮಾತು ಇಲ್ಲದಿದ್ದರೆ ಮಂಡಳಿಯತ್ತ ಯಾರೂ ನೋಡುವುದಿಲ್ಲ. ವರದಿ ಬರಹದಲ್ಲೋ ಬಾಯಲ್ಲೋ, ಪ್ರಕಟವಾಗುವುದು ಪೂರ್ತಿಯೋ ಸಾರಾಂಶವೋ, ತಿದ್ದುವ ಹಕ್ಕು ಯಾರಿಗೆ ಎಂಬುದು ಮೊದಲೇ ತೀರ್ಮಾನವಾಗಲಿ. ಎಲ್ಲಕ್ಕಿಂತ ಮುಖ್ಯವಾಗಿ, ದಾವೆಗಳಲ್ಲಿ ಸಂಸ್ಥೆಯನ್ನು ಸಮರ್ಥಿಸುವ ಫರ್ಮ್ ಬೇರೆಯೇ ಇರಲಿ.

ಮೊದಲ ದಿನವೇ ಆಗಬೇಕಾದ ಕೆಲಸ ಸಾಕ್ಷ್ಯ ಉಳಿಸುವುದು. ಹಳೆಯ ಇಮೇಲ್ ತಾನಾಗಿ ಅಳಿಸಿಹೋಗುವ ವ್ಯವಸ್ಥೆಯನ್ನು ನಿಲ್ಲಿಸಿ, ಕೋಚ್‌ಗಳ ಫೋನ್, ಲ್ಯಾಪ್‌ಟಾಪ್‌ಗಳ ಪ್ರತಿ ತೆಗೆದಿಡಿ. ಆಟಗಾರರ ಗ್ರೂಪ್ ಚಾಟ್, ಅಭ್ಯಾಸದ ವಿಡಿಯೊ, ಟ್ರೈನರ್‌ಗಳ ಕೈಬರಹದ ಪುಸ್ತಕ, ವೈದ್ಯಕೀಯ ಕಡತ ಇವೇ ಬೇಗ ಕಾಣೆಯಾಗುವಂಥವು, ದುರುದ್ದೇಶ ಇಲ್ಲದಿದ್ದರೂ. ಅದೇ ವಾರ ವಿಮಾ ಕಂಪನಿಗಳಿಗೆ ನೋಟಿಸು ಹೋಗಬೇಕು, ತಡವಾದರೆ ಅದನ್ನೇ ನೆಪ ಮಾಡಿ ಕೈಯೆತ್ತುತ್ತಾರೆ. ಹಳೆಯ ಪಾಲಿಸಿಗಳನ್ನೂ ಗೋದಾಮಿನಿಂದ ಹುಡುಕಿಸಿ. ಘಟನೆ ನಡೆದ ವರ್ಷದ ಪಾಲಿಸಿಯೇ ಅನ್ವಯಿಸುವ ಮಾದರಿಯಲ್ಲಿ 1970ರ ದಶಕದ ಕಾಗದಕ್ಕೂ ಬೆಲೆಯಿದೆ. ಪಿಆರ್ ಕಂಪನಿ ಬರೆದುಕೊಟ್ಟ ‘ತನಿಖೆಗೆ ಸಂಪೂರ್ಣ ಸಹಕಾರ’ ಎಂಬ ಸಾಲನ್ನು, ಕಡತ ತಡೆಹಿಡಿಯುವ ಯೋಚನೆಯಿದ್ದರೆ, ಹೊಡೆದುಹಾಕಿ.

ಓದುಗರಾಗಿ ಇಂಥ ವರದಿ ಕೈಗೆ ಬಂದರೆ ಸಾರಾಂಶಕ್ಕಿಂತ ಮುಂಚೆ ತನಿಖೆಯ ವ್ಯಾಪ್ತಿ ಮತ್ತು ಮಿತಿ ಹೇಳುವ ಪುಟಗಳನ್ನು ತೆರೆಯಿರಿ: ಮಾತನಾಡಲು ಒಪ್ಪದವರು ಯಾರು, ಸಿಗದ ದಾಖಲೆ ಯಾವುದು. ಆಮೇಲೆ ಯಾರಿಗೆ ಏನಾಯಿತು ಎಂದು ನೋಡಿ. ಲೂಯಿಸಿಯಾನಾ ಸ್ಟೇಟ್‌ನ 2021ರ ವರದಿ ದೂರುಗಳನ್ನು ನಿಭಾಯಿಸುವ ಇಡೀ ವ್ಯವಸ್ಥೆಯೇ ಸೋತಿದೆ ಎಂದು ಪುಟಗಟ್ಟಲೆ ಬರೆಯಿತು. ಅದರ ಬೆನ್ನಿಗೇ ಆದ ಶಿಕ್ಷೆ ಇಬ್ಬರು ಕ್ರೀಡಾ ಅಧಿಕಾರಿಗಳಿಗೆ ಒಂದು ತಿಂಗಳು ಮೀರದ ಅಮಾನತು. ಮಕ್ಕಳನ್ನು ಅಮೆರಿಕಕ್ಕೆ ಓದಲು ಕಳಿಸಿರುವ ನಮ್ಮವರಿಗೆ ಇನ್ನೊಂದು ದಾಖಲೆ ಪುಕ್ಕಟೆ ಸಿಗುತ್ತದೆ: ಕ್ಲೆರಿ ಕಾಯ್ದೆಯಂತೆ ಪ್ರತಿ ವಿಶ್ವವಿದ್ಯಾಲಯವೂ ಅಕ್ಟೋಬರ್ 1ರೊಳಗೆ ಪ್ರಕಟಿಸಲೇಬೇಕಾದ ವಾರ್ಷಿಕ ಭದ್ರತಾ ವರದಿ, ಹಿಂದಿನ ಮೂರು ವರ್ಷಗಳ ಅಪರಾಧದ ಅಂಕಿಗಳೊಂದಿಗೆ. ಹಾಸ್ಟೆಲ್, ಸ್ಟೇಡಿಯಂ ಎಲ್ಲ ಇರುವ ದೊಡ್ಡ ಕ್ಯಾಂಪಸ್ಸಿನ ಲೈಂಗಿಕ ಅಪರಾಧದ ಅಂಕಣದಲ್ಲಿ ಮೂರು ವರ್ಷವೂ ಸೊನ್ನೆಯಿದ್ದರೆ, ದೂರು ಕೊಡುವ ಕಚೇರಿಯಲ್ಲಿ ಎಷ್ಟು ಜನ ಕೆಲಸ ಮಾಡುತ್ತಾರೆ ಎಂದು ಇಮೇಲ್ ಬರೆದು ಕೇಳಿ.